ವೀರ್ಯ, ಅಂಡಾಣು, ಭ್ರೂಣ ಫ್ರೀಜ್ ಮಾಡಿಸೋಕೆ ಹೊರಟವರಿಗೆ: ಮುಂಬೈ-ಪುಣೆ ಕನ್ನಡಿಗರಿಗೊಂದು ಮಾರ್ಗದರ್ಶಿ

ಠಾಣೆಯಿಂದ ಪನ್ವೇಲ್‌ವರೆಗೆ, ಆ ಕಡೆ ಪುಣೆಯ ವಾಕಡ್, ಹಡಪ್ಸರ್‌ವರೆಗೆ ಎಲ್ಲಿ ನೋಡಿದರೂ ಈಗ ಐವಿಎಫ್ (ಲ್ಯಾಬಿನಲ್ಲಿ ಅಂಡಾಣು, ವೀರ್ಯ ಸೇರಿಸಿ ಭ್ರೂಣ ಬೆಳೆಸುವ ಚಿಕಿತ್ಸೆ) ಸೆಂಟರುಗಳ ಬೋರ್ಡು. ಬೋರ್ಡಿನ ಮೇಲೆ ನಗುವ ಮಗುವಿನ ಫೋಟೋ ಇರುತ್ತದೆ, ಒಳಗೆ ಹೋದರೆ ಪ್ಯಾಕೇಜಿನ ರೇಟ್ ಕಾರ್ಡ್ ಇರುತ್ತದೆ, ಇವೆರಡರ ಮಧ್ಯೆ ಏನೇನು ನಡೆಯುತ್ತದೆ ಅಂತ ನಮ್ಮ ಭಾಷೆಯಲ್ಲಿ ಕೂತು ಹೇಳುವವರು ಮಾತ್ರ ಕಡಿಮೆ. ನಾನು ಡಾಕ್ಟರಲ್ಲ. ನಾನೂ ನನ್ನ ಗಂಡನೂ ಈ ದಾರಿಯಲ್ಲಿ ಹೋದವರು, ಆಮೇಲೆ ಬಳಗದ ಒಂದಿಬ್ಬರ ಜೊತೆಗೂ ಓಡಾಡಿದ್ದೇನೆ. ಔಷಧದ ಡೋಸು ಡಾಕ್ಟರಿಗೆ ಬಿಟ್ಟದ್ದು. ನೀವು ಏನು ಕೇಳಬೇಕು, ಯಾವಾಗ ಕೇಳಬೇಕು, ಯಾವ ಕಾಗದ ಜೋಪಾನ ಮಾಡಬೇಕು ಅನ್ನುವುದಷ್ಟೇ ಇಲ್ಲಿನ ವಿಷಯ.

ಮೊದಲೇ ಒಂದು ಮಾತು. ಫ್ರೀಜ್ ಮಾಡಿಸಿದರೆ ಮಗು ಗ್ಯಾರಂಟಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. 30ನೇ ವಯಸ್ಸಿನಲ್ಲಿ ತೆಗೆದಿಟ್ಟ ಅಂಡಾಣು ನಿಮಗೆ 38 ಆದಾಗಲೂ 30ರ ಅಂಡಾಣುವೇ. ಲಾಭ ಇಷ್ಟೇ, ಆದರೆ ಸಣ್ಣ ಲಾಭವೇನಲ್ಲ.

ಕ್ಯಾನ್ಸರ್ ಇದ್ದರೆ ಇದನ್ನು ಮೊದಲು ಓದಿ

ಪರೇಲ್‌ನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಕರ್ನಾಟಕದಿಂದ ಎಷ್ಟೋ ಜನ ಬರುತ್ತಾರೆ, ಅವರಲ್ಲಿ ಇನ್ನೂ ಮದುವೆಯಾಗದ ಹುಡುಗರು, ಹುಡುಗಿಯರು ಕೂಡ ಇರುತ್ತಾರೆ. ಕೀಮೋ, ರೇಡಿಯೇಷನ್‌ನಿಂದ ವೀರ್ಯ ಮತ್ತು ಅಂಡಾಣು ಎರಡಕ್ಕೂ ಪೆಟ್ಟು ಬೀಳಬಹುದು, ಕೆಲವರಿಗೆ ಆ ಪೆಟ್ಟು ಶಾಶ್ವತ. ಹಾಗಾಗಿ ಫ್ರೀಜ್ ಮಾಡಿಸುವ ಕೆಲಸ ಮೊದಲ ಕೀಮೋಗಿಂತ ಮುಂಚೆ ಮುಗಿಯಬೇಕು. ಕಾಯಿಲೆಯ ಹೆಸರು ಕೇಳಿದ ಗಾಬರಿಯಲ್ಲಿ ಮನೆಯವರಿಗೆ ಇದೆಲ್ಲ ನೆನಪಾಗುವುದಿಲ್ಲ, ಡಾಕ್ಟರಿಗೂ ನೂರೆಂಟು ಕೆಲಸ. ನೀವೇ ಬಾಯಿ ಬಿಟ್ಟು ಕೇಳಿ: "ಕೀಮೋ ಶುರು ಮಾಡೋಕೆ ಮುಂಚೆ ಎಷ್ಟು ದಿನ ಸಿಗುತ್ತೆ ಡಾಕ್ಟ್ರೇ?"

ಗಂಡಸಿಗೆ ಒಂದೆರಡು ದಿನ ಸಿಕ್ಕರೂ ಸಾಕು. ಹೆಂಗಸಿಗೆ ಸುಮಾರು ಎರಡು ವಾರ ಬೇಕು. ಮುಂದಿನ ಮುಟ್ಟು ಬರಲಿ ಅಂತ ಕಾಯಬೇಕಾಗಿಲ್ಲ. ತಿಂಗಳ ಯಾವ ದಿನದಿಂದ ಬೇಕಾದರೂ ಇಂಜೆಕ್ಷನ್ ಶುರು ಮಾಡುವ ವಿಧಾನ ಈಗ ರೂಢಿಯಲ್ಲಿದೆ. ಸ್ತನ ಕ್ಯಾನ್ಸರ್ ಇರುವವರಿಗೆ ಹಾರ್ಮೋನ್ ಜಾಸ್ತಿ ಏರದ ಹಾಗೆ ಲೆಟ್ರೊಜೋಲ್ ಮಾತ್ರೆ ಜೊತೆಗೆ ಕೊಡುತ್ತಾರೆ. ಕ್ಯಾನ್ಸರ್ ಡಾಕ್ಟರು ಮತ್ತು ಐವಿಎಫ್ ಡಾಕ್ಟರು ಇಬ್ಬರೂ ಪರಸ್ಪರ ಫೋನಿನಲ್ಲಿ ಮಾತಾಡುವ ಹಾಗೆ ಮಾಡಿ. ಚೀಟಿ ಹಿಡಿದುಕೊಂಡು ನೀವು ಇಲ್ಲಿಂದ ಅಲ್ಲಿಗೆ ಓಡಾಡುತ್ತಾ ಕೂತರೆ ಇರುವ ದಿನಗಳು ಅದರಲ್ಲೇ ಕಳೆದುಹೋಗುತ್ತವೆ.

ಮೂರರಲ್ಲಿ ಯಾವುದು ನಿಮಗೆ

ಮೂರನ್ನೂ ಇಡುವುದು ದ್ರವ ಸಾರಜನಕದಲ್ಲಿ, ಮೈನಸ್ 196 ಡಿಗ್ರಿಯಲ್ಲಿ. ಅಷ್ಟು ತಣ್ಣಗಾದ ಮೇಲೆ ಜೀವಕೋಶದ ಒಳಗಿನ ಎಲ್ಲ ಕೆಲಸವೂ ನಿಂತುಬಿಡುತ್ತದೆ. ಆದರೆ ಮೂರರ ಸ್ವಭಾವ ಬೇರೆ ಬೇರೆ.

ವೀರ್ಯ ಫ್ರೀಜ್ ಮಾಡುವುದು ಎಲ್ಲಕ್ಕಿಂತ ಹಳೇದು, ಸುಲಭ, ಅಗ್ಗ. ಹಾಗೆ ಇಟ್ಟ ವೀರ್ಯದಿಂದ ಗರ್ಭ ನಿಂತ ಮೊದಲ ವರದಿ 1953ರದ್ದು. ಭ್ರೂಣದ ಸರದಿ 1980ರ ದಶಕದಲ್ಲಿ ಬಂತು ಅಂತ ಪುಸ್ತಕಗಳಲ್ಲಿ ಇರುತ್ತದೆ. ಆದರೆ ಕೋಲ್ಕತ್ತಾದ ಡಾ. ಸುಭಾಷ್ ಮುಖೋಪಾಧ್ಯಾಯ ಅವರು ಫ್ರೀಜ್ ಮಾಡಿಟ್ಟ ಭ್ರೂಣದಿಂದಲೇ 1978ರ ಅಕ್ಟೋಬರ್ 3ರಂದು ಒಂದು ಹೆಣ್ಣುಮಗು ಹುಟ್ಟಿತ್ತು. ಆಗ ಯಾರೂ ಅವರನ್ನು ನಂಬಲಿಲ್ಲ, ಅವಮಾನ ಮಾಡಿದರು, ಮನ್ನಣೆ ಬರುವ ಹೊತ್ತಿಗೆ ಅವರೇ ಇರಲಿಲ್ಲ. ನಮ್ಮ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡದ ಕೈಯಲ್ಲಿ ಐವಿಎಫ್ ಮಗು ಹುಟ್ಟಿದ್ದು 1986ರ ಆಗಸ್ಟ್ 6ರಂದು. ಈ ಕತೆ ಯಾಕೆ ಹೇಳಿದೆ ಅಂದರೆ, "ಇದೆಲ್ಲ ಹೊಸಾ ಪ್ರಯೋಗ, ಬೇಡಪ್ಪಾ" ಅಂತ ಊರಿನಿಂದ ಅತ್ತೆಯೋ ದೊಡ್ಡಮ್ಮನೋ ಫೋನಿನಲ್ಲಿ ಹೇಳಿದಾಗ ಉತ್ತರ ಕೊಡೋಕೆ ಬೇಕಾಗುತ್ತೆ.

ಅಂಡಾಣುವೇ ಕಷ್ಟದ್ದು. ಮನುಷ್ಯರ ದೇಹದ ಅತಿ ದೊಡ್ಡ ಜೀವಕೋಶ ಅದು, ಒಳಗೆ ತುಂಬಾ ನೀರು. ನೀರು ತುಂಬಿದ ಗಾಜಿನ ಬಾಟಲಿಯನ್ನು ಫ್ರೀಜರಿನಲ್ಲಿ ಮರೆತರೆ ಏನಾಗುತ್ತೆ ಗೊತ್ತಲ್ವಾ, ನಿಧಾನವಾಗಿ ತಣ್ಣಗೆ ಮಾಡಿದರೆ ಅಂಡಾಣುವಿಗೂ ಅದೇ ಗತಿ: ಒಳಗೆ ಐಸ್ ಹರಳು ಕಟ್ಟಿ ಹಾಳಾಗುತ್ತದೆ. ಅದಕ್ಕೇ ಈಗ ವಿಟ್ರಿಫಿಕೇಷನ್ ಅನ್ನುವ ವಿಧಾನ ಬಂದಿದೆ. ಮೊದಲು ಅಂಡಾಣುವಿನೊಳಗಿನ ನೀರನ್ನು ಆದಷ್ಟು ತೆಗೆದು, ಅದರ ಜಾಗಕ್ಕೆ ರಕ್ಷಣೆಯ ದ್ರಾವಣ ಸೇರಿಸಿ, ಹರಳು ಕಟ್ಟೋಕೆ ಪುರುಸೊತ್ತೇ ಕೊಡದ ಹಾಗೆ ಒಂದೇ ಏಟಿಗೆ ಸಾರಜನಕದಲ್ಲಿ ಮುಳುಗಿಸುವುದು. ಇದು ಚೆನ್ನಾಗಿ ಕೈಗೆ ಹತ್ತಿದ ಮೇಲೆಯೇ, 2012ರಲ್ಲಿ, ಅಮೆರಿಕದ ಸಂತಾನ ವೈದ್ಯರ ಸಂಘವು ಅಂಡಾಣು ಫ್ರೀಜಿಂಗ್‌ಗೆ ಹಚ್ಚಿದ್ದ "ಪ್ರಾಯೋಗಿಕ" ಅನ್ನುವ ಹಣೆಪಟ್ಟಿ ತೆಗೆದದ್ದು.

ಹಾಗಾದರೆ ಯಾರಿಗೆ ಯಾವುದು? ಮದುವೆ ಆಗಿಲ್ಲ, ಅಥವಾ ಆಗಿದ್ದರೂ ಆಯ್ಕೆ ಪೂರ್ತಿ ನಿಮ್ಮ ಕೈಯಲ್ಲೇ ಇರಬೇಕು ಅಂತಿದ್ದರೆ ಅಂಡಾಣು. ಗಂಡ-ಹೆಂಡತಿ ಇಬ್ಬರೂ ಒಪ್ಪಿ, ಮಗು ಸ್ವಲ್ಪ ತಡವಾಗಿ ಬೇಕು, ಅಥವಾ ಈಗಾಗಲೇ ಐವಿಎಫ್ ನಡೀತಿದೆ ಅಂದರೆ ಭ್ರೂಣ. ಭ್ರೂಣದಿಂದ ಇರುವ ಅನುಕೂಲ ಏನೆಂದರೆ ಗರ್ಭಧಾರಣೆ ಆಯಿತೋ ಇಲ್ಲವೋ ಈಗಲೇ ಗೊತ್ತಾಗುತ್ತದೆ, ಕರಗಿಸಿದಾಗ ಬದುಕುಳಿಯುವುದೂ ಜಾಸ್ತಿ. ಆದರೆ ಅದು ಇಬ್ಬರ ಸ್ವತ್ತು. ನಾಳೆ ಇಬ್ಬರ ದಾರಿ ಬೇರೆ ಆದರೆ ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಅದನ್ನು ಬಳಸೋಕಾಗಲ್ಲ. ಒಂದಷ್ಟು ಅಂಡಾಣು, ಒಂದಷ್ಟು ಭ್ರೂಣ ಅಂತ ಎರಡನ್ನೂ ಇಡಬಹುದು; ಇದನ್ನು ಕ್ಲಿನಿಕ್ಕಿನವರು ತಾವಾಗಿ ಹೇಳುವುದು ಅಪರೂಪ, ನೀವು ಕೇಳಬೇಕು.

ಕ್ಲಿನಿಕ್ ನೋಡುವಾಗ

2021ರಲ್ಲಿ ಬಂದ ಎಆರ್‌ಟಿ (ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ) ಕಾಯ್ದೆ 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಪ್ರತಿ ಕ್ಲಿನಿಕ್, ಪ್ರತಿ ವೀರ್ಯ-ಅಂಡಾಣು ಬ್ಯಾಂಕ್ ಸರ್ಕಾರದ ಹತ್ತಿರ ನೋಂದಣಿ ಮಾಡಿಸಲೇಬೇಕು. ಸರ್ಟಿಫಿಕೇಟ್ ತೋರಿಸಿ ಅಂತ ಕೇಳಿ, ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಇದಕ್ಕೆ ಸಂಕೋಚ ಬೇಡ. ಲಕ್ಷಗಟ್ಟಲೆ ದುಡ್ಡು ಕೊಡ್ತಿರೋದು ನೀವು.

ವಯಸ್ಸಿನ ಲೆಕ್ಕವೂ ಅದೇ ಕಾಯ್ದೆಯಲ್ಲಿದೆ. ಚಿಕಿತ್ಸೆ ಪಡೆಯುವ ಹೆಂಗಸಿಗೆ 21 ದಾಟಿರಬೇಕು, 50 ಆಗಿರಬಾರದು. ಗಂಡಸಿಗೆ 21 ದಾಟಿರಬೇಕು, 55 ಆಗಿರಬಾರದು. ಅಂದರೆ ಅಂಡಾಣು ಫ್ರೀಜರಿನಲ್ಲಿ ಎಷ್ಟು ಚೆನ್ನಾಗಿದ್ದರೂ ಬಳಸುವುದಕ್ಕೆ ಒಂದು ಗಡುವು ಇದೆ. ಭ್ರೂಣವನ್ನು 10 ವರ್ಷಕ್ಕಿಂತ ಜಾಸ್ತಿ ಇಡುವಂತಿಲ್ಲ. ಗಂಡು ಭ್ರೂಣ, ಹೆಣ್ಣು ಭ್ರೂಣ ಅಂತ ಆರಿಸಿಡುವುದು ಅಪರಾಧ. ಆ ಮಾತನ್ನು ಮೆಲ್ಲಗೆ ಎತ್ತುವ ಜಾಗದಲ್ಲಿ ನಿಮ್ಮ ಭ್ರೂಣ ಇಡಬೇಡಿ. ಅಲ್ಲಿ ಬೇರೆ ಕಾನೂನೂ ಪಾಲಿಸುತ್ತಿರಲಿಕ್ಕಿಲ್ಲ.

ಆಮೇಲೆ ಲ್ಯಾಬ್ ವಿಚಾರ. ಕನ್ಸಲ್ಟೇಷನ್ ಒಂದು ಬ್ರಾಂಚಿನಲ್ಲಿ, ಲ್ಯಾಬ್ ಇನ್ನೊಂದು ಕಡೆ ಇರುವುದು ಇಲ್ಲಿ ಮಾಮೂಲು. ನಿಮ್ಮ ಮಾದರಿ, ಅಂದರೆ ನೀವು ಇಟ್ಟ ವೀರ್ಯ, ಅಂಡಾಣು ಅಥವಾ ಭ್ರೂಣ, ನಿಜವಾಗಿ ಎಲ್ಲಿರುತ್ತದೆ ಅಂತ ಕೇಳಿ. ಎಂಬ್ರಿಯಾಲಜಿಸ್ಟ್ (ಲ್ಯಾಬಿನಲ್ಲಿ ಅಂಡಾಣು, ಭ್ರೂಣ ನೋಡಿಕೊಳ್ಳುವ ತಜ್ಞರು) ಅಲ್ಲೇ ಪರ್ಮನೆಂಟಾ ಅಥವಾ ಕೇಸ್ ಇದ್ದಾಗ ಮಾತ್ರ ಬರುವವರಾ? ಫ್ರೀಜ್ ಮಾಡಿ ಕರಗಿಸಿದ ಅಂಡಾಣುಗಳಲ್ಲಿ ಅವರ ಲ್ಯಾಬಿನಲ್ಲಿ ಎಷ್ಟು ಬದುಕುಳಿದಿವೆ? ಇಲ್ಲಿ ಬುದ್ಧಿ ಓಡಿಸಬೇಕು. ಎಷ್ಟು ಜನರ ಅಂಡಾಣು ಫ್ರೀಜ್ ಮಾಡಿದ್ದೇವೆ ಅಂತ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ, ಅದರಲ್ಲಿ ವಾಪಸ್ ಬಂದು ಕರಗಿಸಿ ಬಳಸಿದವರು ಎಷ್ಟು ಅಂದರೆ ಮಾತು ಬೇರೆ ಕಡೆ ತಿರುಗುತ್ತದೆ. ಯಶಸ್ಸಿನ ಸಾಧ್ಯತೆ ಎಷ್ಟು ಅಂತ ಕೂರಿಸಿ ವಿವರಿಸುವುದು ಕಾಯ್ದೆ ಪ್ರಕಾರ ಕ್ಲಿನಿಕ್ಕಿನ ಕರ್ತವ್ಯ. ಹಾಗಾಗಿ "ನನ್ನ ವಯಸ್ಸಿಗೆ, ನನ್ನ ರಿಪೋರ್ಟಿಗೆ ಎಷ್ಟು?" ಅಂತಲೇ ಕೇಳಿ.

ಕರೆಂಟ್ ಹೋದರೆ ಏನು ಗತಿ ಅಂತ ನಮ್ಮ ಅಪ್ಪ ಕೇಳಿದ್ದರು. ಒಳ್ಳೇ ಪ್ರಶ್ನೆಯೇ. ಸಾರಜನಕದ ಟ್ಯಾಂಕ್ ಕರೆಂಟಿನಿಂದ ಓಡುವುದಿಲ್ಲ, ದಪ್ಪ ಗೋಡೆಯ ಪಾತ್ರೆಯೊಳಗೆ ಸಾರಜನಕ ತಾನಾಗಿ ತಣ್ಣಗಿರುತ್ತದೆ. ಆದರೆ ಅದು ದಿನಾ ಸ್ವಲ್ಪ ಸ್ವಲ್ಪ ಆವಿಯಾಗುತ್ತದೆ, ಆಗಾಗ ತುಂಬುತ್ತಿರಬೇಕು. ಮಟ್ಟ ಇಳಿದರೆ ಬಡಿದುಕೊಳ್ಳುವ ಅಲಾರಂ ಇದೆಯಾ, ತುಂಬಿದ ದಿನದ ದಾಖಲೆ ಇಡುತ್ತಾರಾ, ಭಾನುವಾರ ಯಾರು ನೋಡುತ್ತಾರೆ ಅಂತ ವಿಚಾರಿಸಿ. ಮುಂಬೈಯಲ್ಲಾದರೆ ಇನ್ನೊಂದನ್ನೂ ಕೇಳುವುದು ವಾಸಿ: ಲ್ಯಾಬ್ ಎಷ್ಟನೇ ಮಹಡಿಯಲ್ಲಿದೆ? 2005ರ ಜುಲೈ 26ರ ನೆರೆ ನೋಡಿದವರಿಗೆ ಈ ಪ್ರಶ್ನೆ ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಟೆಸ್ಟುಗಳು

ಹೆಂಗಸರಿಗೆ ಎಎಂಎಚ್ ರಕ್ತ ಪರೀಕ್ಷೆ, ಇದನ್ನು ಯಾವ ದಿನ ಬೇಕಾದರೂ ಮಾಡಿಸಬಹುದು. ಮುಟ್ಟಿನ ಎರಡನೇ ಅಥವಾ ಮೂರನೇ ದಿನ ಸ್ಕ್ಯಾನ್ ಮಾಡಿ ಅಂಡಾಶಯದಲ್ಲಿ ಎಷ್ಟು ಕೋಶಕಗಳು (ಅಂಡಾಣು ಬೆಳೆಯುವ ನೀರಿನ ಪುಟ್ಟ ಚೀಲಗಳು) ಕಾಣುತ್ತವೆ ಅಂತ ಎಣಿಸುತ್ತಾರೆ. ಎಎಂಎಚ್ ಕಮ್ಮಿ ಬಂತು ಅಂತ ರಾತ್ರಿಯಿಡೀ ಅಳಬೇಡಿ. ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡಾಣು ಸಿಗಬಹುದು ಅನ್ನುವ ಅಂದಾಜು ಅದು. ಅವುಗಳ ಗುಣಮಟ್ಟ ಹೇಳುವುದು ನಿಮ್ಮ ವಯಸ್ಸು, ಎಎಂಎಚ್ ಅಲ್ಲ. ಸಹಜವಾಗಿ ಗರ್ಭ ನಿಲ್ಲುತ್ತೋ ಇಲ್ಲವೋ ಅಂತಲೂ ಅದು ಹೇಳುವುದಿಲ್ಲ.

ಮದುವೆಯಾಗದ ಹುಡುಗಿಯರಿಗೆ ಗೊತ್ತಿರಲಿ, ಸ್ಕ್ಯಾನ್ ಸಾಮಾನ್ಯವಾಗಿ ಯೋನಿಯ ಮೂಲಕವೇ ಮಾಡುತ್ತಾರೆ, ಅಂಡಾಣು ತೆಗೆಯುವುದೂ ಅದೇ ದಾರಿಯಿಂದ. ಲೈಂಗಿಕ ಸಂಪರ್ಕ ಆಗಿಲ್ಲದಿದ್ದರೆ ಮೊದಲೇ ಹೇಳಿ, ಸ್ಕ್ಯಾನನ್ನು ಹೊಟ್ಟೆಯ ಮೇಲಿಂದ ಮಾಡಬಹುದಾ ಅಂತ ಕೇಳಿ. ಕೋಣೆಯಲ್ಲಿ ಹೆಂಗಸೊಬ್ಬರು ಇರಬೇಕು ಅಂತ ಕೇಳುವುದೂ ನಿಮ್ಮ ಹಕ್ಕು.

ಗಂಡ-ಹೆಂಡತಿ ಇಬ್ಬರಿಗೂ ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಟೆಸ್ಟ್ ಇರುತ್ತದೆ. ಟ್ಯಾಂಕಿನಲ್ಲಿ ಒಬ್ಬರದ್ದು ಇನ್ನೊಬ್ಬರಿಗೆ ತಗಲಬಾರದು ಅಂತ ಮಾಡುವ ಟೆಸ್ಟ್ ಇದು, ಅನುಮಾನದಿಂದ ಅಲ್ಲ. ನನ್ನ ಗಂಡ ಇದಕ್ಕೆ ಮುಖ ಊದಿಸಿಕೊಂಡಿದ್ದ.

ವೀರ್ಯ ಕೊಡುವುದು

ಈ ಊರುಗಳಲ್ಲಿ ಇದರ ಅಗತ್ಯ ಯಾರಿಗೆ ಜಾಸ್ತಿ ಗೊತ್ತಾ? ಮರ್ಚೆಂಟ್ ನೇವಿಯವರಿಗೆ. ಮಂಗಳೂರು, ಕಾರವಾರ ಕಡೆಯಿಂದ ಬಂದು ಇಲ್ಲಿ ಮನೆ ಮಾಡಿ ಹಡಗಿನಲ್ಲಿ ತಿಂಗಳುಗಟ್ಟಲೆ ಇರುವವರು ಎಷ್ಟು ಜನ. ಹೆಂಡತಿಯ ಅಂಡಾಣು ತೆಗೆಯುವ ದಿನ ಗಂಡ ಸಿಂಗಾಪುರದಲ್ಲಿ ಇರುತ್ತಾನೆ. ಕಂಪನಿ ಕೆಲಸಕ್ಕೆ ವಿದೇಶಕ್ಕೆ (ಆನ್‌ಸೈಟ್) ಹೋಗುವ ಪುಣೆಯ ಹಿಂಜೇವಾಡಿಯ ಐಟಿ ಹುಡುಗರ ಕತೆಯೂ ಅದೇ. ಹೊರಡುವ ಮುಂಚೆ ವೀರ್ಯ ಕೊಟ್ಟು ಹೋದರೆ ಹೆಂಡತಿಯ ಚಿಕಿತ್ಸೆ ಅವರ ರಜೆಗೆ ಕಾಯಬೇಕಾಗಿಲ್ಲ.

ಕೊಡುವ ಮುಂಚೆ ಎರಡರಿಂದ ಐದು ದಿನ ಸಂಯಮ ಬೇಕು. ಜಾಸ್ತಿ ದಿನ ತಡೆದರೆ ಒಳ್ಳೇದು ಅನ್ನುವುದು ತಪ್ಪು ತಿಳಿವಳಿಕೆ, ಹಳೇ ವೀರ್ಯಾಣು ಸತ್ತು ಗುಣ ಕೆಡುತ್ತದೆ. ಎಣ್ಣೆ, ಜೆಲ್, ಎಂಜಲು, ಮಾಮೂಲಿ ಕಾಂಡೋಮ್ ಯಾವುದೂ ಬಳಸಬಾರದು. ಕ್ಲಿನಿಕ್ಕಿನಲ್ಲೇ ಕೋಣೆ ಇರುತ್ತದೆ. ಆ ಕೋಣೆಯ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೇದು: ರೆಕ್ಸಿನ್ ಸೋಫಾ, ಗೋಡೆಗೆ ಒಂದು ಟಿವಿ, ಹೊರಗೆ ಕಾರಿಡಾರಿನಲ್ಲಿ ಚಪ್ಪಲಿ ಸದ್ದು, ಆಗಾಗ ಯಾರೋ ಯಾರದೋ ಹೆಸರು ಕೂಗುವುದು. ಎಷ್ಟೋ ಜನರಿಗೆ ಅಲ್ಲಿ ಆಗುವುದೇ ಇಲ್ಲ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೆಂಡತಿ ಜೊತೆಗಿರಬಹುದಾ ಅಂತ ಕೇಳಿ. ಮನೆಯಿಂದ ತರುವುದಾದರೆ ಅರ್ಧ-ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆಯೊಳಗೆ ಲ್ಯಾಬ್ ಸೇರಬೇಕು, ಡಬ್ಬಿಯನ್ನು ಶರ್ಟಿನ ಒಳಗೆ ಮೈಶಾಖ ತಾಗುವ ಹಾಗೆ ಇಟ್ಟುಕೊಳ್ಳಬೇಕು. ಘೋಡ್‌ಬಂದರ್ ರೋಡಿನ ಟ್ರಾಫಿಕ್ ನಂಬಿ ಈ ಲೆಕ್ಕ ಹಾಕಬೇಡಿ.

ಕರಗಿಸಿದಾಗ ವೀರ್ಯಾಣುಗಳಲ್ಲಿ ದೊಡ್ಡ ಪಾಲು ಸಾಯುತ್ತವೆ. ಅದಕ್ಕೇ ಒಂದಕ್ಕಿಂತ ಹೆಚ್ಚು ವಯಲ್ (ಪುಟ್ಟ ಸೀಸೆ) ಇಡಿಸುವುದು, ಸಾಧ್ಯವಾದರೆ ಎರಡು ಸಲ ಕೊಡುವುದು. ಒಂದು ಸಣ್ಣ ಭಾಗವನ್ನು ಅಲ್ಲೇ ಕರಗಿಸಿ ಎಷ್ಟು ಚಲಿಸುತ್ತಿವೆ ಅಂತ ನೋಡುತ್ತಾರೆ, ಆ ರಿಪೋರ್ಟ್ ಕೇಳಿ ಪಡೆಯಿರಿ. ಹೊಸ ವೀರ್ಯಾಣು ತಯಾರಾಗೋಕೆ ಎರಡೂವರೆ ತಿಂಗಳು ಹಿಡಿಯುತ್ತದೆ. ಹಾಗಾಗಿ ಈಚೆಗೆ ಡೆಂಗಿಯೋ ಟೈಫಾಯ್ಡೋ ಬಂದು ಜ್ವರ ಏರಿದ್ದರೆ, ಅವಸರ ಇಲ್ಲದಿದ್ದರೆ ಮೂರು ತಿಂಗಳು ಕಳೆದು ಕೊಡಿ.

ಅಂಡಾಣು: ಇಂಜೆಕ್ಷನ್ನಿನಿಂದ ಫ್ರೀಜರ್‌ವರೆಗೆ

ಉದ್ದದ ಭಾಗ ಇದೇ. ಮುಟ್ಟಿನ ಎರಡು-ಮೂರನೇ ದಿನ ಶುರುವಾಗಿ 8ರಿಂದ 12 ದಿನ ಹೊಟ್ಟೆಯ ಚರ್ಮಕ್ಕೆ ಇಂಜೆಕ್ಷನ್. ಸೂಜಿ ಸಣ್ಣದು, ಹೊಕ್ಕುಳಿಂದ ಎರಡು ಬೆರಳು ಬಿಟ್ಟು ಚರ್ಮ ಹಿಡಿದು ಚುಚ್ಚಿಕೊಳ್ಳುವುದು, ಎರಡನೇ ದಿನಕ್ಕೆ ನೀವೇ ಮಾಡಿಕೊಳ್ಳುತ್ತೀರಿ. ಮಾಮೂಲಾಗಿ ತಿಂಗಳಿಗೆ ಒಂದು ಅಂಡಾಣು ಬೆಳೆಯುತ್ತದೆ, ಉಳಿದವು ಹಾಗೇ ಕರಗಿಹೋಗುತ್ತವೆ. ಇಂಜೆಕ್ಷನ್ ಆ ಉಳಿದವನ್ನೂ ಬೆಳೆಸುತ್ತದೆ. ಹಾಗಾಗಿ ಇದರಿಂದ ನಿಮ್ಮ ಅಂಡಾಣು ಬೇಗ ಖಾಲಿಯಾಗಿ ಮುಟ್ಟು ಬೇಗ ನಿಲ್ಲುತ್ತದೆ ಅನ್ನುವುದು ಸುಳ್ಳು. ಐದಾರು ದಿನ ಆದ ಮೇಲೆ ಇನ್ನೊಂದು ಇಂಜೆಕ್ಷನ್ ಸೇರುತ್ತದೆ, ಅಂಡಾಣು ಹೊತ್ತಿಗೆ ಮುಂಚೆ ಬಿಡುಗಡೆ ಆಗದ ಹಾಗೆ ತಡೆಯೋಕೆ.

ಔಷಧಗಳಲ್ಲಿ ಕೆಲವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರಿಜ್ಜಿನ ಬಾಗಿಲಲ್ಲಿ ಬೇಡ, ಫ್ರೀಜರಿನಲ್ಲಂತೂ ಬೇಡವೇ ಬೇಡ, ನಡುವಿನ ತಟ್ಟೆಯಲ್ಲಿ ಒಂದು ಡಬ್ಬಿಗೆ ಹಾಕಿಡಿ. ಮೆಡಿಕಲ್ ಶಾಪಿನಿಂದ ತರುವಾಗ ಐಸ್ ಪ್ಯಾಕ್ ಇರುವ ಪೌಚ್ ಕೇಳಿ. ಸಂಜೆ ಹೊತ್ತಿನ ಡೊಂಬಿವಲಿ ಲೋಕಲ್‌ನಲ್ಲಿ, ಲೇಡೀಸ್ ಡಬ್ಬಿಯಲ್ಲಿ, ಆ ಪೌಚನ್ನು ಎದೆಗವಚಿಕೊಂಡು ನಿಂತಿದ್ದಾಗ ಪಕ್ಕದ ಹೆಂಗಸು "ಒಳಗೆ ಮೀನಿದೆಯಾ?" ಅಂತ ಮರಾಠಿಯಲ್ಲಿ ಕೇಳಿದ್ದಳು. ಹೂಂ ಅಂದೆ. ಎಲ್ಲರಿಗೂ ಎಲ್ಲವನ್ನೂ ಹೇಳಬೇಕು ಅಂತೇನಿಲ್ಲ ಅಲ್ವಾ.

ಈ ದಿನಗಳಲ್ಲಿ ಎರಡು-ಮೂರು ದಿನಕ್ಕೊಮ್ಮೆ ಸ್ಕ್ಯಾನ್. ಮೀಟಿಂಗು, ಊರ ಜಾತ್ರೆ, ತಂಗಿಯ ಸೀಮಂತ, ಏನಿದ್ದರೂ ಈ ಎರಡು ವಾರದಲ್ಲಿ ಬೇಡ. ಜಿಮ್, ಓಟ, ಸಂಭೋಗ ಕೂಡ ಬಿಡಿ. ಅಂಡಾಶಯ ಊದಿ ಭಾರವಾಗಿರುತ್ತದೆ, ತಿರುಚಿಕೊಂಡರೆ ತುರ್ತು ಆಪರೇಷನ್ನೇ ಗತಿ.

ಕೋಶಕಗಳು ಬೇಕಾದಷ್ಟು ಬೆಳೆದ ಮೇಲೆ ಟ್ರಿಗರ್ ಇಂಜೆಕ್ಷನ್, ಅಂದರೆ ಅಂಡಾಣು ಬಲಿಯುವ ಹಾಗೆ ಮಾಡುವ ಕೊನೆಯ ಇಂಜೆಕ್ಷನ್. ಇದರ ಸಮಯ ತಪ್ಪುವಂತಿಲ್ಲ. ರಾತ್ರಿ 10:30ಕ್ಕೆ ಅಂದರೆ 10:30ಕ್ಕೇ, ಯಾಕೆಂದರೆ ಅದಾಗಿ 34ರಿಂದ 36 ಗಂಟೆಯೊಳಗೆ ಅಂಡಾಣು ತೆಗೆಯಬೇಕು. ಬೇಗ ತೆಗೆದರೆ ಬಲಿತಿರುವುದಿಲ್ಲ, ತಡವಾದರೆ ಅವು ಬಿಡುಗಡೆ ಆಗಿ ಕೈಗೆ ಸಿಗುವುದಿಲ್ಲ. ಎರಡು ಫೋನಿನಲ್ಲಿ ಅಲಾರಂ ಇಡಿ. ಚುಚ್ಚಿದ ಹೊತ್ತನ್ನು ಕ್ಲಿನಿಕ್ಕಿಗೆ ಆಗಲೇ ಮೆಸೇಜ್ ಮಾಡಿ. ತಡವಾಗಿದ್ದರೆ ಮುಚ್ಚಿಡಬೇಡಿ, ಅವರು ತೆಗೆಯುವ ಹೊತ್ತನ್ನು ಮುಂದೆ ಹಾಕಬಲ್ಲರು.

ತೆಗೆಯುವ ದಿನ ಖಾಲಿ ಹೊಟ್ಟೆ. ಅರಿವಳಿಕೆ ಕೊಡುತ್ತಾರೆ, 15-20 ನಿಮಿಷದ ಕೆಲಸ, ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಒಂದೊಂದೇ ಕೋಶಕದ ನೀರು ಎಳೆಯುತ್ತಾರೆ. ಹೊಲಿಗೆ ಇಲ್ಲ. ಸಂಜೆಯೊಳಗೆ ಮನೆಗೆ. ಜೊತೆಗೆ ಯಾರಾದರೂ ಇರಲೇಬೇಕು, ಒಬ್ಬರೇ ಓಲಾದಲ್ಲಿ ಹೋಗುತ್ತೇನೆ ಅಂದರೆ ಬಿಡುವುದಿಲ್ಲ.

ಅಪಾಯ ಅಂದರೆ ಅಂಡಾಶಯ ಮಿತಿಮೀರಿ ಊದುವುದು, ಒಎಚ್‌ಎಸ್‌ಎಸ್ ಅನ್ನುತ್ತಾರೆ. ಪಿಸಿಒಎಸ್ (ಹಾರ್ಮೋನ್ ಏರುಪೇರಿನ ಅಂಡಾಶಯದ ತೊಂದರೆ) ಇರುವವರಿಗೆ, ತುಂಬಾ ಕೋಶಕ ಬೆಳೆದವರಿಗೆ ಸಾಧ್ಯತೆ ಜಾಸ್ತಿ. ಟ್ರಿಗರ್ ಔಷಧ ಬದಲಿಸಿ ಇದನ್ನು ಈಗ ತುಂಬಾ ಕಮ್ಮಿ ಮಾಡಿದ್ದಾರೆ, ಆದರೂ ತೂಕ ದಿಢೀರ್ ಏರುವುದು, ಹೊಟ್ಟೆ ಬಿಗಿಯುವುದು, ವಾಂತಿ, ಉಸಿರುಗಟ್ಟುವುದು, ಮೂತ್ರ ಕಮ್ಮಿಯಾಗುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ಎರಡಕ್ಕೂ ಎತ್ತುವ ಫೋನ್ ನಂಬರ್ ಮೊದಲೇ ಪಡೆದಿರಿ.

ಇನ್ನು ಸಂಖ್ಯೆ. "12 ಸಿಕ್ಕಿತು" ಅಂತ ಹೇಳಿದ ತಕ್ಷಣ ಹಿಗ್ಗಬೇಡಿ. ಅದರಲ್ಲಿ ಬಲಿತವು ಎಷ್ಟು ಅಂತ ಕೇಳಿ, ಫ್ರೀಜ್ ಮಾಡುವುದು ಅವನ್ನೇ. 12ರಲ್ಲಿ 9 ಬಲಿತಿರಬಹುದು. ಕರಗಿಸಿದಾಗ ಒಂದೆರಡು ಹೋಗುತ್ತವೆ. ಉಳಿದವಕ್ಕೆ ಒಂದೊಂದು ವೀರ್ಯಾಣುವನ್ನು ಸೂಜಿಯಿಂದ ಒಳಗೆ ಹಾಕಬೇಕು, ಯಾಕೆಂದರೆ ಫ್ರೀಜ್ ಆದ ಅಂಡಾಣುವಿನ ಹೊರಗಿನ ಪದರ ಗಟ್ಟಿಯಾಗಿರುತ್ತದೆ. ಅದರಲ್ಲಿ ಐದು ಫಲಿತವಾದರೆ ಐದನೇ ದಿನದ ಹಂತ ಮುಟ್ಟುವುದು ಎರಡೋ ಮೂರೋ. ಆ ಎರಡರಲ್ಲಿ ಗರ್ಭಕೋಶದಲ್ಲಿ ಒಂದಾದರೂ ನಿಂತರೆ ಪುಣ್ಯ. ಅದಕ್ಕೇ 35ರ ಒಳಗಿನವರಿಗೂ 15ರಿಂದ 20 ಬಲಿತ ಅಂಡಾಣು ಇಟ್ಟರೆ ಒಳ್ಳೇದು ಅಂತ ಡಾಕ್ಟರುಗಳು ಹೇಳುವುದು, ಎಷ್ಟೋ ಜನರಿಗೆ ಒಂದೇ ಸುತ್ತಿನಲ್ಲಿ ಅಷ್ಟು ಸಿಗುವುದಿಲ್ಲ. 37-38 ದಾಟಿದ ಮೇಲೆ ಇನ್ನೂ ಜಾಸ್ತಿ ಬೇಕು, ಸಿಗುವುದು ಇನ್ನೂ ಕಮ್ಮಿ. ನನ್ನನ್ನು ಕೇಳಿದರೆ, 41ಕ್ಕೆ ಹೊಸದಾಗಿ ಅಂಡಾಣು ಫ್ರೀಜ್ ಮಾಡಿಸಿ ಅಂತ ಪ್ಯಾಕೇಜ್ ಮಾರುವುದು ಸರಿಯಲ್ಲ. ಸಾಧ್ಯತೆ ಎಷ್ಟು ಅಂತ ಬಿಡಿಸಿ ಹೇಳಿ, ಆಮೇಲೆ ಅವರೇ ನಿರ್ಧರಿಸಲಿ.

ಭ್ರೂಣವಾದರೆ

ಅಂಡಾಣು ತೆಗೆಯುವವರೆಗೆ ಎಲ್ಲವೂ ಅದೇ. ಆಮೇಲೆ ಲ್ಯಾಬಿನಲ್ಲಿ ವೀರ್ಯದ ಜೊತೆ ಸೇರಿಸಿ ಮೂರು ಅಥವಾ ಐದು ದಿನ ಬೆಳೆಸಿ ಫ್ರೀಜ್ ಮಾಡುತ್ತಾರೆ. ಐದನೇ ದಿನದವನ್ನು ಬ್ಲಾಸ್ಟೊಸಿಸ್ಟ್ ಅನ್ನುತ್ತಾರೆ, ಕರಗಿಸಿದಾಗ ಹತ್ತರಲ್ಲಿ ಒಂಬತ್ತಕ್ಕೂ ಜಾಸ್ತಿ ಬದುಕುತ್ತವೆ. ಒಂದು ಸ್ಟ್ರಾಗೆ ಒಂದೇ ಭ್ರೂಣ ಇಡಲು ಹೇಳಿ. ಎರಡಿಟ್ಟರೆ ಮುಂದೆ ಒಂದು ಸಾಕು ಅಂದರೂ ಎರಡೂ ಕರಗುತ್ತವೆ. ಆ ಸ್ಟ್ರಾ ಅಂದರೆ ಪೆನ್ನಿನ ರೀಫಿಲ್ಲಿಗಿಂತ ತೆಳು ಪ್ಲಾಸ್ಟಿಕ್ ಪಟ್ಟಿ, ತುದಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹನಿ, ಹಿಡಿಯ ಮೇಲೆ ಹೆಸರು, ನಂಬರು, ತಾರೀಖು. ಹೆಸರಿನ ಸ್ಪೆಲಿಂಗ್ ಆಧಾರ್‌ನಲ್ಲಿ ಇದ್ದ ಹಾಗೇ ಬರೆಸಿ. ನಮ್ಮ ಕನ್ನಡದ ಹೆಸರುಗಳನ್ನು ಇಲ್ಲಿ ಒಬ್ಬೊಬ್ಬರು ಒಂದೊಂದು ತರ ಬರೆಯುತ್ತಾರೆ, ಕೊನೆಗೆ ಅಪ್ಪನ ಹೆಸರು ನಡುವೆ ಬಂದು ಕೂರುತ್ತದೆ, ಇನಿಷಿಯಲ್ ಮಾಯವಾಗುತ್ತದೆ. ಒಂದು ಕ್ಲಿನಿಕ್ಕಿನಲ್ಲಿ ನನ್ನ ಹೆಸರು ಮೂರು ಕಾಗದದಲ್ಲಿ ಮೂರು ತರ ಇತ್ತು, ಸರಿ ಮಾಡಿಸೋಕೆ ಜಗಳವೇ ಆಡಬೇಕಾಯಿತು.

ಸಹಿ ಹಾಕುವ ಮುಂಚೆ

ಒಪ್ಪಿಗೆ ಪತ್ರ ದಪ್ಪ ಇರುತ್ತದೆ, ರಿಸೆಪ್ಷನ್ನಿನಲ್ಲಿ "ಇಲ್ಲಿ, ಇಲ್ಲಿ, ಇಲ್ಲಿ" ಅಂತ ಬೆರಳಿಟ್ಟು ಸಹಿ ಹಾಕಿಸುತ್ತಾರೆ. ಒಂದು ದಿನ ಮುಂಚೆ ಮನೆಗೆ ಕೊಂಡೊಯ್ಯಲು ಕೇಳಿ. ಅದರಲ್ಲಿ ಒಂದು ಕಡೆ, ನಿಮ್ಮಲ್ಲಿ ಒಬ್ಬರು ಸತ್ತರೆ ಅಥವಾ ಪ್ರಜ್ಞೆ ಇಲ್ಲದ ಸ್ಥಿತಿಗೆ ಹೋದರೆ ಇವನ್ನು ಏನು ಮಾಡಬೇಕು ಅಂತ ಬರೆಯೋಕೆ ಜಾಗ ಇರುತ್ತದೆ. ಅಪಶಕುನ ಅಂತ ಖಾಲಿ ಬಿಡಬೇಡಿ. ಖಾಲಿ ಬಿಟ್ಟ ಆ ಒಂದು ಸಾಲಿಗೆ ಆಮೇಲೆ ಅತ್ತೆ-ಸೊಸೆ ಕೋರ್ಟ್ ಹತ್ತಬೇಕಾಗುತ್ತದೆ. ಗರ್ಭಕೋಶಕ್ಕೆ ಹಾಕುವವರೆಗೂ ಒಪ್ಪಿಗೆ ವಾಪಸ್ ಪಡೆಯಬಹುದು ಅಂತ ಕಾಯ್ದೆಯಲ್ಲೇ ಇದೆ. ಹಣ ಕಟ್ಟದಿದ್ದರೆ ಎಷ್ಟು ದಿನ ಕಾಯುತ್ತಾರೆ, ಕ್ಲಿನಿಕ್ ಮುಚ್ಚಿದರೆ ಮಾದರಿ ಎಲ್ಲಿಗೆ ಹೋಗುತ್ತದೆ, ನಿಮ್ಮ ಸ್ವಂತ ಅಂಡಾಣುವನ್ನು ಎಷ್ಟು ವರ್ಷದ ಒಪ್ಪಂದಕ್ಕೆ ಇಡುತ್ತಿದ್ದಾರೆ, ಇವೂ ಬರವಣಿಗೆಯಲ್ಲಿ ಇರಲಿ. ಪ್ರತಿ ಪುಟದ ನಕಲು ನಿಮ್ಮ ಹತ್ತಿರ ಇರಬೇಕು.

ದುಡ್ಡು

ವೀರ್ಯಕ್ಕೆ ಸಾವಿರಗಳಲ್ಲಿ ಮುಗಿಯುತ್ತದೆ, ಅಂಡಾಣು ಮತ್ತು ಭ್ರೂಣ ಲಕ್ಷದ ಮೇಲಿನ ಮಾತು. ಪ್ಯಾಕೇಜ್ ಅಂದಾಗ ಇಂಜೆಕ್ಷನ್ ಸೇರಿದೆಯಾ ಅಂತ ಮೊದಲು ಕೇಳಿ, ಸಾಮಾನ್ಯವಾಗಿ ಸೇರಿರುವುದಿಲ್ಲ, ಖರ್ಚಿನ ದೊಡ್ಡ ತುಂಡೇ ಅದು. ಅರಿವಳಿಕೆ ಕೊಡುವ ಡಾಕ್ಟರ ಫೀಸು, ಸ್ಕ್ಯಾನುಗಳು, ಟ್ಯಾಂಕಿನಲ್ಲಿ ಇಡುವುದಕ್ಕೆ ಮೊದಲ ವರ್ಷದ ಬಾಡಿಗೆ, ಆಮೇಲಿನ ವರ್ಷಗಳ ಬಾಡಿಗೆ, ಮುಂದೆ ಕರಗಿಸಿ ಹಾಕುವ ಖರ್ಚು, ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕಿ ಬರೆಸಿಕೊಳ್ಳಿ. ಆರೋಗ್ಯ ವಿಮೆಯ ಮಾಮೂಲಿ ಪಾಲಿಸಿಗಳಲ್ಲಿ ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟಿರುತ್ತಾರೆ. ಕೆಲವು ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ಇರುತ್ತದೆ, ಎಚ್‌ಆರ್‌ಗೆ ಒಂದು ಮೇಲ್ ಹಾಕಿ ನೋಡಿ. ಗೋವಾದಲ್ಲಿ ಇರುವವರು ಖಾಸಗಿಗೆ ಹೋಗುವ ಮುಂಚೆ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ ವಿಚಾರಿಸಿ, ಅಲ್ಲಿ 2023ರಲ್ಲಿ ಉಚಿತ ಐವಿಎಫ್ ಶುರುವಾಗಿದೆ.

ಇಟ್ಟ ಮೇಲೆ, ಊರು ಬಿಡುವಾಗ

ಪ್ರತಿ ವರ್ಷ ಬಾಡಿಗೆ ಕಟ್ಟುವ ತಾರೀಖನ್ನು ಇಬ್ಬರ ಫೋನಿನಲ್ಲೂ ಹಾಕಿ. ಮನೆ ಬದಲಿಸಿದರೆ, ನಂಬರ್ ಬದಲಿಸಿದರೆ ಕ್ಲಿನಿಕ್ಕಿಗೆ ಈಮೇಲ್ ಮಾಡಿ. ಬಾಡಿಗೆ ಮನೆಗಳಲ್ಲಿ 11 ತಿಂಗಳಿಗೊಮ್ಮೆ ಗಂಟುಮೂಟೆ ಕಟ್ಟುವ ಈ ಊರಲ್ಲಿ ನೋಟಿಸು ಹಳೇ ವಿಳಾಸಕ್ಕೆ ಹೋಗುವುದೇ ಜಾಸ್ತಿ.

ಬೆಂಗಳೂರಿಗೋ ಹುಬ್ಬಳ್ಳಿಗೋ ವಾಪಸ್ ಹೋಗುವುದಾದರೆ ಮಾದರಿಯನ್ನೂ ಒಯ್ಯಬಹುದು. ಡ್ರೈ ಶಿಪ್ಪರ್ ಅನ್ನುವ ಪಾತ್ರೆ ಇರುತ್ತದೆ, ಅದರ ಗೋಡೆ ಸಾರಜನಕವನ್ನು ಹೀರಿಟ್ಟುಕೊಂಡು ಕೆಲವು ದಿನ ಹಾಗೇ ತಣ್ಣಗೆ ಇರುತ್ತದೆ, ಚೆಲ್ಲುವುದಿಲ್ಲ. ಮೊದಲು ಆ ಕಡೆಯ ಕ್ಲಿನಿಕ್ ತೆಗೆದುಕೊಳ್ಳಲು ಒಪ್ಪಬೇಕು, ಅದಕ್ಕೂ ನೋಂದಣಿ ಇರಬೇಕು. ಈ ಕಡೆಯಿಂದ ಯಾವ ದಿನದ ಭ್ರೂಣ, ಯಾವ ದ್ರಾವಣದಲ್ಲಿ ಫ್ರೀಜ್ ಮಾಡಿದ್ದು, ಯಾವ ಸ್ಟ್ರಾ ಅನ್ನುವ ವಿವರ ಬರೆಸಿಕೊಳ್ಳಿ, ಕರಗಿಸುವವರಿಗೆ ಅದಿಲ್ಲದೆ ಕೈ ಕಟ್ಟಿದ ಹಾಗೆ. ಇಬ್ಬರ ಸಹಿ ಬೇಕು, ವೈರಸ್ ಟೆಸ್ಟಿನ ರಿಪೋರ್ಟ್ ಬೇಕು. ದೇಶದ ಹೊರಗೆ ಒಯ್ಯುವುದಾದರೆ ಸ್ವಂತ ಬಳಕೆಗೆ ಮಾತ್ರ, ಅದೂ ಎಆರ್‌ಟಿ ಕಾಯ್ದೆಯಡಿ ಇರುವ ರಾಷ್ಟ್ರೀಯ ಮಂಡಳಿಯ ಅನುಮತಿ ಪಡೆದು. ಸಾಗಿಸುವ ದಿನ ಸೋಮವಾರ, ಮಂಗಳವಾರ ಆಗಿರಲಿ, ಶುಕ್ರವಾರ ಬೇಡ. ಗಣಪತಿ ಹಬ್ಬದ ವಾರವಂತೂ ಮುಂಬೈ-ಪುಣೆಯಿಂದ ಏನನ್ನೂ ಕಳಿಸಬೇಡಿ, ವಿಸರ್ಜನೆಯ ದಿನ ಆಂಬುಲೆನ್ಸಿಗೇ ದಾರಿ ಸಿಗುವುದು ಕಷ್ಟ.